ಎಸಿ ತಂಪು ಕೊಡದಿದ್ದಾಗ ನಾನು ಹುಡುಕುವ ಕ್ರಮ

ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ ಎಂದ ಕೂಡಲೇ ನಮ್ಮ ರಾಯಚೂರಿನಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಹೋಗಿರಬೇಕು, ತುಂಬಿಸಿಬಿಡಿ’ ಎಂಬುದು. ಆದರೆ ಎಸಿಯೊಳಗಿನ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಎಲ್ಲ ಕಡೆಯಿಂದಲೂ ಮುಚ್ಚಿದ ಕೊಳವೆಗಳಲ್ಲಿ ಅದು ಒಮ್ಮೆ ದ್ರವವಾಗಿ, ಒಮ್ಮೆ ಅನಿಲವಾಗಿ ಸುತ್ತುತ್ತಲೇ ಇರುತ್ತದೆ. ಎಲ್ಲಿಯೂ ಸೋರದಿದ್ದರೆ ಯಂತ್ರದ ಆಯುಷ್ಯ ಮುಗಿಯುವವರೆಗೂ ಅಷ್ಟೇ ಉಳಿಯುತ್ತದೆ. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಆ ಎಸಿ ಎಲ್ಲೋ ಸೋರುತ್ತಿದೆ, ಇಲ್ಲವೇ ಗ್ಯಾಸಿಗೆ ಸಂಬಂಧವೇ ಇಲ್ಲದ ತೊಂದರೆಗೆ ಗ್ಯಾಸಿನ ಹೆಸರಿನಲ್ಲಿ ಹಣ ಹೋಗುತ್ತಿದೆ ಎಂದೇ ಅರ್ಥ. ನಮ್ಮ ಮನೆಯಲ್ಲಿ ತಂದೆ ತಾಯಿಯ ಕೋಣೆಗೆ ಹಳೆಯ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ, ಮಕ್ಕಳ ಕೋಣೆಗೆ ಅದೇ ಅಳತೆಯ, ಅಗತ್ಯಕ್ಕೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಎಸಿ ಇದೆ. ಹಲವು ವರ್ಷಗಳಿಂದ ಎರಡನ್ನೂ ನಾನೇ ನೋಡಿಕೊಳ್ಳುತ್ತಾ, ಬಂಧುಗಳ ಮನೆಯ ಎಸಿಗಳನ್ನೂ ಪರೀಕ್ಷಿಸುತ್ತಾ ಬಂದ ಮೇಲೆ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೇನೆ: ಮೊದಲು ಗಾಳಿ, ಆಮೇಲೆ ನೀರು, ಅನಂತರ ಕರೆಂಟು, ಕಟ್ಟಕಡೆಗೆ ಗ್ಯಾಸು.

ಇವಕ್ಕೆಲ್ಲ ಮುಂಚೆ ತೊಂದರೆ ನಿಜವಾಗಿಯೂ ಇದೆಯೇ ಎಂದು ಅಳೆದು ನೋಡುತ್ತೇನೆ. ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಎಸಿಯನ್ನು ಕೂಲ್ ಮೋಡಿನಲ್ಲಿ, ಫ್ಯಾನಿನ ವೇಗ ಹೆಚ್ಚಿಗೆ ಇಟ್ಟು, ಕಾಲು ಗಂಟೆ ಓಡಿಸಿದ ಮೇಲೆ ಒಳಗಿನ ಯೂನಿಟ್ಟಿನ ಮೇಲ್ಭಾಗದಲ್ಲಿ, ಅಂದರೆ ಗಾಳಿ ಒಳಗೆ ಹೋಗುವ ಕಡೆ, ಒಮ್ಮೆ ತಾಪ ನೋಡಬೇಕು. ಕೆಳಗೆ ತಂಪು ಗಾಳಿ ಹೊರಬರುವ ಬಾಯಿಯಲ್ಲಿ ಇನ್ನೊಮ್ಮೆ ನೋಡಬೇಕು. ಹೊರಗಿನ ಯೂನಿಟ್ಟಿನಲ್ಲಿ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಪೂರ್ಣವಾಗಿ ಓಡುತ್ತಿರುವಾಗ ಎರಡರ ನಡುವೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ನಮ್ಮಲ್ಲಿ ಏಪ್ರಿಲ್‌ನ ಒಣ ಹವೆಯಲ್ಲಿ ಈ ವ್ಯತ್ಯಾಸ ಹೆಚ್ಚಿರುತ್ತದೆ, ಮಳೆಗಾಲದ ತೇವದಲ್ಲಿ ಕಡಿಮೆಯಾಗುತ್ತದೆ, ಏಕೆಂದರೆ ಆಗ ಯಂತ್ರದ ಶಕ್ತಿಯ ಒಂದು ಪಾಲು ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಒಂದೂವರೆ ಟನ್ ಎಂದರೆ ಗಂಟೆಗೆ 18,000 ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖವನ್ನು ಹೊರಹಾಕುವ ಸಾಮರ್ಥ್ಯ. ಈ ಸಾಮರ್ಥ್ಯವನ್ನು ಅಳೆಯುವುದು ಹೊರಗಿನ ತಾಪ 35 ಡಿಗ್ರಿ ಇರುವಾಗ. ಹೊರಗೆ 43 ಡಿಗ್ರಿ ಬಿಸಿಲಿದ್ದು, ಇಡೀ ದಿನ ಕಾದ ಆರ್‌ಸಿಸಿ ಛಾವಣಿ ನೇರ ತಲೆಯ ಮೇಲಿರುವ ಕೋಣೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೆ 24 ಡಿಗ್ರಿ ಬರಲಿಲ್ಲ ಎಂದರೆ ಅದು ಎಸಿಯ ದೋಷವಲ್ಲ. ವ್ಯತ್ಯಾಸ ಸರಿಯಾಗಿದ್ದೂ ಕೋಣೆ ತಂಪಾಗದಿದ್ದರೆ ನಾನು ಯಂತ್ರವನ್ನು ಬಿಟ್ಟು ಛಾವಣಿ, ಕಿಟಕಿ, ಬಾಗಿಲ ಸಂದುಗಳ ಕಡೆಗೆ ತಿರುಗುತ್ತೇನೆ.

ಗಾಳಿಯ ವಿಷಯಕ್ಕೆ ಬಂದರೆ, ಒಳಗಿನ ಫಿಲ್ಟರ್ ತೊಳೆಯಬೇಕೆಂಬುದು ಈಗ ಎಲ್ಲರಿಗೂ ಗೊತ್ತಿದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬರೀ ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಸಾಕು. ಗೊತ್ತಿಲ್ಲದಿರುವುದು ಅದರ ಹಿಂದಿರುವ ಕಾಯಿಲ್ (ಗ್ಯಾಸು ಸುತ್ತುವ ಕೊಳವೆಗಳ ಸುರುಳಿ) ಮತ್ತು ಉರುಳೆಯಾಕಾರದ ಬ್ಲೋವರಿನ ಸ್ಥಿತಿ. ಬ್ಲೋವರಿನ ಸಣ್ಣ ರೆಕ್ಕೆಗಳ ಒಳಬಾಗಿನಲ್ಲಿ ಧೂಳು, ತೇವ ಸೇರಿ ಕಪ್ಪು ಲೇಪದಂತೆ ಕೂತುಬಿಡುತ್ತದೆ. ಟಾರ್ಚ್ ಹಿಡಿದು ಗಾಳಿ ಬರುವ ಬಾಯಿಯೊಳಗೆ ನೋಡಿದರೆ ಅದು ಕಾಣುತ್ತದೆ. ಮೋಟಾರು ಎಷ್ಟೇ ವೇಗವಾಗಿ ತಿರುಗಿದರೂ ರೆಕ್ಕೆಯ ಬಾಗು ತುಂಬಿಹೋಗಿದ್ದರೆ ಅದು ಗಾಳಿಯನ್ನು ತಳ್ಳಲಾರದು. ಎಸಿ ಹಾಕಿದ ಮೊದಲ ಕೆಲವು ನಿಮಿಷ ಬರುವ ಹಸಿ ವಾಸನೆಯ ಮೂಲವೂ ಬಹುಪಾಲು ಇದೇ. ಇದನ್ನು ತೆಗೆಯಲು ಮೇನ್ ಆಫ್ ಮಾಡಿ, ಎಲೆಕ್ಟ್ರಾನಿಕ್ ಬೋರ್ಡು (ಪಿಸಿಬಿ) ಇರುವ ಬಲಬದಿಗೆ ಪ್ಲಾಸ್ಟಿಕ್ ಹೊದಿಸಿ, ಕೆಳಗೆ ಜೋಳಿಗೆಯಂತೆ ಶೀಟು ಕಟ್ಟಿ, ಕೈಪಂಪಿನ ಸ್ಪ್ರೇಯರ್‌ನಿಂದ ಸೌಮ್ಯವಾದ ಕಾಯಿಲ್ ಕ್ಲೀನರ್ ಹೊಡೆದು, ಸಾಕಷ್ಟು ನೀರಿನಿಂದ ತೊಳೆಯುತ್ತೇನೆ. ಅರ್ಧ ದಿನದ ಕೆಲಸ. ಅಷ್ಟು ವೇಳೆ ಕೊಡಲಾಗದವರು ಇದನ್ನು ಹೊರಗಿನವರಿಂದ ಮಾಡಿಸಲಿ, ಆದರೆ ಬ್ಲೋವರ್ ತೊಳೆದರೋ ಇಲ್ಲವೋ ಎಂಬುದನ್ನು ಟಾರ್ಚ್ ಹಾಕಿ ನೋಡಿಯೇ ಹಣ ಕೊಡಲಿ.

ಗಾಳಿ ಕಡಿಮೆಯಾದಾಗ ಕಾಯಿಲ್ ಮೇಲೆ ಹಿಮ ಕಟ್ಟುವುದುಂಟು. ಹಿಮ ಕಂಡ ತಕ್ಷಣ ಗ್ಯಾಸ್ ಕಡಿಮೆ ಎಂದು ತೀರ್ಮಾನಿಸುವವರೇ ಹೆಚ್ಚು. ಹಿಮ ಎಲ್ಲಿ ಕಟ್ಟಿದೆ ಎಂಬುದನ್ನು ನಾನು ನೋಡುತ್ತೇನೆ. ಕಾಯಿಲ್ಲಿನ ಉದ್ದಗಲಕ್ಕೂ ಒಂದೇ ಸಮನಾಗಿ ಬೆಳ್ಳಗಾಗಿದ್ದರೆ ಗಾಳಿಯ ಓಟದಲ್ಲಿ ತಡೆಯಿದೆ ಎಂದೇ ಹೆಚ್ಚಿನ ಸಂಭವ. ಕಾಯಿಲ್ಲಿನ ಆರಂಭದ ಒಂದೆರಡು ಸುತ್ತಿನಲ್ಲಿ ಮಾತ್ರ, ಇಲ್ಲವೇ ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ನಟ್ಟಿನ ಬಳಿ ಹಿಮ ಕಟ್ಟಿ, ಉಳಿದ ಕಾಯಿಲ್ಲು ಬೆಚ್ಚಗೇ ಇದ್ದರೆ ಮಾತ್ರ ಗ್ಯಾಸಿನ ಮೇಲೆ ಅನುಮಾನ ಬರುತ್ತದೆ. ಎರಡರಲ್ಲಿ ಯಾವುದೇ ಆದರೂ ಹಿಮವನ್ನು ಚಾಕುವಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ಕೆರೆಯಬಾರದು. ಕೂಲಿಂಗ್ ನಿಲ್ಲಿಸಿ ಫ್ಯಾನ್ ಮೋಡಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ತಾನೇ ಕರಗುತ್ತದೆ.

ಹೊರಗಿನ ಯೂನಿಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅದನ್ನು ಕೇಳುವವರಿಲ್ಲ. ರಾಯಚೂರು ಹತ್ತಿಯ ಪೇಟೆ, ಅಕ್ಕಿ ಗಿರಣಿಗಳ ಊರು. ನಮ್ಮ ಭಾವನವರ ಮನೆ ಹತ್ತಿ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿಗೆ ಹತ್ತಿರದಲ್ಲಿದೆ. ಅವರ ಎಸಿ ಬೆಳಿಗ್ಗೆ ಚೆನ್ನಾಗಿ ಓಡಿ, ಮಧ್ಯಾಹ್ನವಾಗುತ್ತಲೇ ಕಂಪ್ರೆಸರ್ ನಿಂತು, ಸಂಜೆಯ ನಂತರ ಮತ್ತೆ ಸರಿಯಾಗುತ್ತಿತ್ತು. ಬಂದ ಮೆಕ್ಯಾನಿಕ್ ‘ಗ್ಯಾಸ್ ಕಡಿಮೆ ಇದೆ ಸರ್’ ಎಂದು ತುಂಬಿಸಿ ಹೋಗಿದ್ದ. ತೊಂದರೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನಾನು ಛಾವಣಿಗೆ ಹೋಗಿ ಯೂನಿಟ್ಟಿನ ಹಿಂಬದಿ ನೋಡಿದಾಗ ಅಲ್ಯೂಮಿನಿಯಂ ಪಟ್ಟಿಗಳೇ ಕಾಣುತ್ತಿರಲಿಲ್ಲ. ಹತ್ತಿಯ ನವಿರು ಎಳೆಗಳು ಧೂಳಿನೊಡನೆ ಹೆಣೆದುಕೊಂಡು ಬೂದುಬಣ್ಣದ ಕಂಬಳಿಯಾಗಿ ಕೂತಿದ್ದವು. ಒಂದು ಮೂಲೆಯಿಂದ ಎಳೆದರೆ ಅಂಗೈಯಗಲದ ತುಂಡು ಹಾಗೆಯೇ ಕಿತ್ತು ಬಂತು. ಶಾಖ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ, ರಕ್ಷಣೆಗಾಗಿ ಕಂಪ್ರೆಸರ್ ತಾನೇ ನಿಲ್ಲುತ್ತಿತ್ತು. ಅದರ ಮೇಲೆ ಹೆಚ್ಚುವರಿ ಗ್ಯಾಸು ಹಾಕಿದ್ದು ಆ ಒತ್ತಡವನ್ನು ಇನ್ನಷ್ಟು ಏರಿಸಿತ್ತು. ಮೆತ್ತನೆಯ ಬ್ರಶ್ಶಿನಿಂದ ಪಟ್ಟಿಗಳ ಉದ್ದಕ್ಕೆ ಮೇಲಿಂದ ಕೆಳಗೆ ಉಜ್ಜಿ, ಗಾರ್ಡನ್ ಪೈಪಿನಿಂದ ಒಳಗಿನಿಂದ ಹೊರಕ್ಕೆ ನೀರು ಬಿಟ್ಟೆ. ವಾಹನ ತೊಳೆಯುವ ಪ್ರೆಷರ್ ಪಂಪನ್ನು ಇಲ್ಲಿ ಬಳಸಲೇಬಾರದು, ಕಾಗದದಷ್ಟು ತೆಳ್ಳಗಿನ ಪಟ್ಟಿಗಳು ಮಡಚಿ ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಅಂದಿನ ಮಧ್ಯಾಹ್ನ ಕಂಪ್ರೆಸರ್ ನಿಲ್ಲಲಿಲ್ಲ. ಆದರೂ ಹೆಚ್ಚಾಗಿ ತುಂಬಿದ್ದ ಗ್ಯಾಸನ್ನು ತೆಗೆಸಿ, ಯೂನಿಟ್ಟಿನ ಮೇಲಿನ ನಾಮಫಲಕದಲ್ಲಿರುವಷ್ಟೇ ತೂಕ ಹಾಕಿಸುವಂತೆ ಭಾವನವರಿಗೆ ಹೇಳಿದೆ.

ಯೂನಿಟ್ಟಿಗೆ ನೆರಳು ಮಾಡಲು ಹೋಗಿ ನಾಲ್ಕೂ ಕಡೆ ತಗಡು ಹೊಡೆಸುವುದನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ತಲೆಯ ಮೇಲೆ ಎತ್ತರಕ್ಕೆ ನೆರಳಿರಲಿ, ಆದರೆ ಬಿಸಿಗಾಳಿ ಹೊರಬರುವ ಎದುರುಬದಿ ಪೂರ್ತಿ ತೆರೆದಿರಬೇಕು. ಬಂದ ಬಿಸಿಗಾಳಿ ಗೋಡೆಗೆ ಬಡಿದು ಹಿಂಬದಿಯಿಂದ ಮತ್ತೆ ಒಳಸೇರಿದರೆ ನೆರಳಿನಿಂದ ಬಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ನೀರು ಸೋರುವ ದೂರು ನಮ್ಮಲ್ಲಿ ಬೇಸಿಗೆಯಲ್ಲಿ ಬರುವುದು ಅಪರೂಪ. ಗಾಳಿಯಲ್ಲಿ ತೇವವೇ ಇಲ್ಲದಿರುವಾಗ ಡ್ರೈನ್ ಪೈಪಿನಲ್ಲಿ ಹನಿಯೂ ಸರಿಯಾಗಿ ಬರುವುದಿಲ್ಲ. ಮೃಗಶಿರಾ ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ, ಬೇಸಿಗೆಯಿಡೀ ಒಣಗಿ ಕೂತಿದ್ದ ಧೂಳು ನೀರಿನಲ್ಲಿ ನೆನೆದು ಲೋಳೆಯಾಗಿ ಪೈಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಆಗ ಗೋಡೆಯ ಮೇಲೆ ನೀರಿಳಿಯತೊಡಗುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಯಲ್ಲೇ ಒಳಗಿನ ತಟ್ಟೆಗೆ ಒಂದು ಲೋಟ ನೀರು ನಿಧಾನವಾಗಿ ಹುಯ್ದು, ಅದು ಹೊರಗೆ ಎಷ್ಟು ಸರಾಗವಾಗಿ ಬರುತ್ತದೆ ಎಂದು ನೋಡಿಕೊಳ್ಳುತ್ತೇನೆ. ತಡೆ ಇದ್ದರೆ ಹೊರಗಿನ ತುದಿಯಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯುತ್ತೇನೆ, ನೀರನ್ನೂ ಎಳೆಯಬಲ್ಲ ಕ್ಲೀನರ್ ಆಗಿರಬೇಕು. ಒಳಕ್ಕೆ ಊದಿದರೆ ಲೋಳೆ ತಟ್ಟೆಗೆ ಹಿಂದಿರುಗಿ ಮತ್ತೆ ಬಂದು ಕೂರುತ್ತದೆ.

ಪೈಪಿನಲ್ಲಿ ಕಸವಿಲ್ಲದಿದ್ದರೂ ನೀರು ಒಳಗೆ ಸೋರುವುದಕ್ಕೆ ಇನ್ನೊಂದು ಕಾರಣವನ್ನು ಇಲ್ಲಿ ಬಹಳ ಕಂಡಿದ್ದೇನೆ. ನೀರಿನ ಬೆಲೆ ತಿಳಿದ ಊರಾದ್ದರಿಂದ ಎಸಿಯ ನೀರನ್ನು ಕ್ಯಾನಿನಲ್ಲೋ ಬಕೆಟ್ಟಿನಲ್ಲೋ ಹಿಡಿಯುತ್ತೇವೆ, ಗಿಡಗಳಿಗೆ ಹಾಕುತ್ತೇವೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಬಕೆಟ್ ತುಂಬಿ ಪೈಪಿನ ತುದಿ ನೀರಿನಲ್ಲಿ ಮುಳುಗಿದಾಗ, ಮಧ್ಯದಲ್ಲಿ ಜೋತುಬಿದ್ದ ಬಾಗು ಕೂಡ ಇದ್ದರೆ, ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು ಮೇಲಿನ ನೀರು ಇಳಿಯುವುದಿಲ್ಲ. ತುದಿಯನ್ನು ಬಕೆಟ್ಟಿನ ಅಂಚಿಗಿಂತ ಮೇಲೆ ಕಟ್ಟಿ, ಪೈಪು ಉದ್ದಕ್ಕೂ ಇಳಿಜಾರಾಗಿರುವಂತೆ ಕ್ಲಿಪ್ಪು ಹಾಕಿದರೆ ಸೋರಿಕೆ ನಿಲ್ಲುತ್ತದೆ. ಈ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವವರಿದ್ದಾರೆ. ಹಾಕಬಾರದು. ಅದು ಕಾಯಿಲ್ಲಿನ ಲೋಹದ ಕಣ, ಧೂಳುಗಳನ್ನು ತೊಳೆದುಕೊಂಡು ಬಂದ ನೀರು, ಡಿಸ್ಟಿಲ್ಡ್ ವಾಟರ್ ಅಲ್ಲ.

ಕರೆಂಟಿನ ತೊಂದರೆಗಳಲ್ಲಿ ನಾನು ಹೆಚ್ಚು ವೇಳೆ ಕಳೆಯುವುದು ವೋಲ್ಟೇಜಿನ ಮೇಲೆ. ಕಂಪ್ರೆಸರ್ ಓಡುತ್ತಿರುವಾಗಲೇ ಎಸಿಯ ಸಾಕೆಟ್ಟಿನಲ್ಲಿಯೂ ಮನೆಯ ಮೇನ್ ಬೋರ್ಡಿನಲ್ಲಿಯೂ ಒಂದರ ಹಿಂದೊಂದು ಅಳೆಯುತ್ತೇನೆ. ಎರಡೂ ಕಡೆ ಕಡಿಮೆಯಿದ್ದರೆ ಅದು ಹೊರಗಿನ ಲೈನಿನದು, ಸ್ಟೆಬಿಲೈಜರ್ ಬೇಕು. ಮೇನಿನಲ್ಲಿ 220 ಇದ್ದು ಸಾಕೆಟ್ಟಿನಲ್ಲಿ 195ಕ್ಕೆ ಇಳಿದಿದ್ದರೆ ದೋಷ ನಮ್ಮ ಗೋಡೆಯೊಳಗೇ ಇದೆ, ಅದನ್ನು ಸ್ಟೆಬಿಲೈಜರ್ ಮುಚ್ಚಿಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ತಂದೆಯವರ ಕೋಣೆಯಲ್ಲಿ ಹೀಗೇ ಆಗಿತ್ತು. ಮೇನ್ ಆಫ್ ಮಾಡಿ 16 ಆಂಪಿಯರ್ ಸಾಕೆಟ್ ಬಿಚ್ಚಿದಾಗ ನ್ಯೂಟ್ರಲ್ ತಂತಿಯ ತುದಿಯ ಇನ್ಸುಲೇಶನ್ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಸುಟ್ಟ ಭಾಗವನ್ನು ಕತ್ತರಿಸಿ, ಹೊಸ ಸಾಕೆಟ್ ಹಾಕಿ, ತಂತಿಯನ್ನು ಬಿಗಿಯಾಗಿ ಕೂಡಿಸಿದ ಮೇಲೆ ಆ ಇಳಿತ ಹೋಯಿತು. ಎಸಿ ಓಡಿ ಅರ್ಧ ಗಂಟೆಯಾದ ಮೇಲೆ ಆಫ್ ಮಾಡಿ ಪ್ಲಗ್ಗಿನ ಮೇಲ್ಮೈ ಮುಟ್ಟಿ ನೋಡುವುದು ಈಗ ನನ್ನ ಅಭ್ಯಾಸ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಜೋಡಣೆಯನ್ನು ಅಂದೇ ಸರಿಪಡಿಸಬೇಕು. ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಎಂಸಿಬಿ ಹಾಕಿದ ಕ್ಷಣವೇ ಬಿದ್ದರೆ, ಅಥವಾ ಶಾಕ್‌ನಿಂದ ರಕ್ಷಿಸುವ ಆರ್‌ಸಿಸಿಬಿ ಬಿದ್ದರೆ, ಮತ್ತೆ ಮತ್ತೆ ಎತ್ತಿ ಪರೀಕ್ಷಿಸದೆ ಎಲೆಕ್ಟ್ರಿಷಿಯನ್‌ರನ್ನು ಕರೆಯಬೇಕು.

ಹಳೆಯ ಎಸಿಯಲ್ಲಿ ಕಂಪ್ರೆಸರ್ ‘ಗುಂಯ್’ ಎಂದು ಕೆಲವು ಸೆಕೆಂಡು ಗುನುಗಿ, ಟಕ್ ಎಂದು ನಿಂತುಬಿಡುತ್ತಿತ್ತು. ಹೊರಗಿನ ಫ್ಯಾನ್ ಮಾತ್ರ ತಿರುಗುತ್ತಿತ್ತು. ಇದು ಹೆಚ್ಚಾಗಿ ಕಂಪ್ರೆಸರ್ ಹೊರಡಲು ನೆರವಾಗುವ ಕೆಪಾಸಿಟರ್ ಸೋತದ್ದರ ಲಕ್ಷಣ. ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆದ್ದರಿಂದ 20 ಕಿಲೋ ಓಮ್‌ನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪುಗಳಿಂದ ಅದರ ಎರಡು ತುದಿಗಳಿಗೆ ಹಿಡಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿದೆ. ಮೈಮೇಲೆ 45 ಮೈಕ್ರೋಫ್ಯಾರಡ್, ಐದು ಶೇಕಡಾ ಹೆಚ್ಚುಕಡಿಮೆ ಎಂದು ಬರೆದಿತ್ತು. ಅಳೆದಾಗ 31 ಬಂತು. ಅದೇ ಅಳತೆಯ, 440 ವೋಲ್ಟಿನ ಹೊಸದನ್ನು ಹಾಕಿದೆ, ಕಂಪ್ರೆಸರ್ ಮೊದಲ ಬಾರಿಗೇ ಎದ್ದಿತು. ಈ ಕೆಲಸ ತಿಳಿದವರು ಮಾತ್ರ ಮಾಡಬೇಕು. ಇನ್ವರ್ಟರ್ ಎಸಿಯ ಹೊರಗಿನ ಬೋರ್ಡಿನಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚಿನ ಡಿಸಿ, ಸ್ವಿಚ್ ಆರಿಸಿದ ಮೇಲೂ ಕೆಲವು ನಿಮಿಷ ಉಳಿಯುತ್ತದೆ, ಅದನ್ನು ನಾನು ತೆರೆಯುವುದಿಲ್ಲ.

ಮಕ್ಕಳ ಕೋಣೆಯ ಎಸಿ ಒಮ್ಮೆ ಕೋಣೆ ತಂಪಾಗುವ ಮೊದಲೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಫಿಲ್ಟರ್ ತೆಗೆದು ನೋಡಿದರೆ, ಕೋಣೆಯ ತಾಪ ಅಳೆಯುವ ಹನಿಯಷ್ಟು ಸಣ್ಣ ಸೆನ್ಸರ್ ತನ್ನ ಕ್ಲಿಪ್ಪಿನಿಂದ ಜಾರಿ ತಣ್ಣನೆಯ ಕಾಯಿಲ್ಲಿಗೆ ತಾಗಿಕೊಂಡಿತ್ತು. ಅದು ಕಾಯಿಲ್ಲಿನ ತಾಪವನ್ನೇ ಕೋಣೆಯದೆಂದು ತಿಳಿಸುತ್ತಿತ್ತು. ಮೊದಲಿನ ಜಾಗಕ್ಕೆ ಸಿಕ್ಕಿಸಿದೆ, ಅಷ್ಟೇ.

ಇಷ್ಟೆಲ್ಲ ನೋಡಿಯೂ ತಾಪದ ವ್ಯತ್ಯಾಸ ಬಾರದಿದ್ದರೆ ಆಗ ಗ್ಯಾಸಿನ ಸರದಿ. ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಹಳೆಯ ಬಗೆಯ ಎಸಿ ನಾಮಫಲಕದಲ್ಲಿರುವುದಕ್ಕಿಂತ ಬಹಳ ಕಡಿಮೆ ಆಂಪಿಯರ್ ತೆಗೆದುಕೊಳ್ಳುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗ್ಯಾಸಿನ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗದಲ್ಲಿ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು ಕಾಣುತ್ತದೆ. ಹೆಚ್ಚಾಗಿ ಪೈಪುಗಳ ತುದಿಯ ಫ್ಲೇರ್ ನಟ್ಟುಗಳಲ್ಲಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಇಲ್ಲಿಂದ ಮುಂದಿನದು ಪರಿಣತರ ಕೆಲಸ, ಆದರೆ ಹೇಗೆ ನಡೆಯಬೇಕೆಂದು ಮನೆಯವರಿಗೆ ತಿಳಿದಿರಬೇಕು. ಮೊದಲು ಸೋರಿಕೆಯನ್ನು ಸರಿಪಡಿಸಿ, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುವುದೇ ಎಂದು ನೋಡಬೇಕು. ಬಳಿಕ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ಪೂರ್ತಿ ತೆಗೆಯಬೇಕು. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ನಾಮಫಲಕದಲ್ಲಿ ಬರೆದಷ್ಟೇ ಗ್ರಾಂ ಹಾಕಬೇಕು. ಹಳೆಯ ಎಸಿಗಳಲ್ಲಿ ಆರ್-22, ಹೊಸವುಗಳಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ. ಒಂದರ ಬದಲು ಇನ್ನೊಂದನ್ನು ತುಂಬುವಂತಿಲ್ಲ. ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸು ಕೂಡ, ಆದ್ದರಿಂದ ಪೈಪಿನಲ್ಲಿ ಅದು ಉಳಿದಿರುವಾಗ ಯಾರಾದರೂ ಬೆಸುಗೆಯ ಉರಿ ಹಚ್ಚಲು ಹೊರಟರೆ ನಾನು ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ತಕ್ಕಡಿ ಮತ್ತು ವ್ಯಾಕ್ಯೂಮ್ ಪಂಪು ತರುತ್ತೀರಾ ಎಂದು ಫೋನಿನಲ್ಲೇ ಕೇಳಿ, ಇಲ್ಲ ಎಂದವರನ್ನು ಮನೆಗೆ ಕರೆಯುವುದಿಲ್ಲ. ಕೆಲಸ ಮುಗಿದ ಮೇಲೆ ಹಾಕಿದ ತೂಕ, ತಾರೀಖು, ಅಂದಿನ ಆಂಪಿಯರ್, ಎಸಿಯೊಳಗೆ ಹೋಗುವ ಮತ್ತು ಹೊರಬರುವ ಗಾಳಿಯ ತಾಪದ ವ್ಯತ್ಯಾಸ ಇಷ್ಟನ್ನು ಸಣ್ಣ ಚೀಟಿಯಲ್ಲಿ ಬರೆದು ಸ್ಟೆಬಿಲೈಜರಿನ ಪಕ್ಕಕ್ಕೆ ಅಂಟಿಸುತ್ತೇನೆ. ಮುಂದಿನ ಬೇಸಿಗೆಯಲ್ಲಿ ಯಾರಾದರೂ ಗ್ಯಾಸ್ ಹೋಗಿದೆ ಎಂದರೆ ಅದರೊಂದಿಗೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.