ಗಾಣಗಾಪುರದ ರೂಮ್ ಹಿಡಿದವರು ಯಾರು?

ಕಲಬುರಗಿಯಲ್ಲಿ ಕೂತು ನಾನು ಗಾಣಗಾಪುರದ ಒಂದು ಸಣ್ಣ ಲಾಡ್ಜ್‌ನ ಬುಕಿಂಗ್ ಸೈಟ್ ನೋಡಿಕೊಳ್ಳುತ್ತೇನೆ. ಗುರುವಾರ, ಹುಣ್ಣಿಮೆ ಬಂದರೆ ಅಫಜಲಪುರ ತಾಲ್ಲೂಕಿನ ಆ ಊರು ದತ್ತನ ಭಕ್ತರಿಂದ ತುಂಬಿರುತ್ತದೆ. ಮಹಾರಾಷ್ಟ್ರದ ಕಡೆಯವರೇ ಜಾಸ್ತಿ. ಬೆಳಿಗ್ಗೆ ಭೀಮಾ-ಅಮರ್ಜಾ ಸಂಗಮದಲ್ಲಿ ಸ್ನಾನ ಆಗಬೇಕೆಂದರೆ ಹಿಂದಿನ ರಾತ್ರಿ ತಂಗಲು ಜಾಗ ಬೇಕಲ್ವಾ? ಅದಕ್ಕೇ ಈ ಸೈಟ್.

ಒಂದು ಹುಣ್ಣಿಮೆಗೆ ಎರಡು ದಿನ ಮುಂಚೆ ಲಾಡ್ಜ್‌ನ ಯಜಮಾನರು ಫೋನ್ ಮಾಡಿದರು. ನಾನು ಅವರನ್ನು ಕಾಕಾ ಅನ್ನುತ್ತೇನೆ. "ತಮ್ಮಾ, ರೂಮ್ ಎಲ್ಲಾ ಖಾಲಿ ಅವ. ನಿನ್ನ ಸೈಟ್‌ನಾಗ ಫುಲ್ ಅಂತ ತೋರ್ಸಲತ್ತದ. ಮಂದಿ ಬ್ಯಾರೆ ಕಡಿ ಹೊಂಟಾರ," ಅಂದರು.

ಡೇಟಾಬೇಸ್ ನೋಡಿದೆ. ಪ್ರತಿ ರೂಮಿನ ಮೇಲೂ 15 ನಿಮಿಷದ ಹೋಲ್ಡ್ ಇತ್ತು. ಹಣ ಕಟ್ಟುವವರೆಗೆ ರೂಮ್ ಬೇರೆಯವರಿಗೆ ಹೋಗಬಾರದು ಅಂತ ನಾನೇ ಇಟ್ಟ ವ್ಯವಸ್ಥೆ ಅದು. ಒಂದು ಹೋಲ್ಡ್ ಮುಗಿಯುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಹಣ ಕಟ್ಟಿದವರು ಮಾತ್ರ ಯಾರೂ ಇಲ್ಲ. ಸೈಟ್‌ಗೆ ಬಂದವರನ್ನು ಎಣಿಸುವ ಅನಲಿಟಿಕ್ಸ್‌ನಲ್ಲಿ ನೋಡಿದರೆ ಎಂದಿನಷ್ಟೇ ಜನ. ಈ ಹೋಲ್ಡ್ ಹಾಕುತ್ತಿದ್ದವರು ಅಲ್ಲಿ ಕಾಣದಿರಲು ಕಾರಣ ಇದೆ. ಅನಲಿಟಿಕ್ಸ್ ಕೆಲಸ ಮಾಡುವುದು ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಅನ್ನುವ ಕೋಡ್ ಓಡಿದಾಗ. ಎಐ ಕಂಪನಿಗಳ ಬಹುತೇಕ ಕ್ರಾಲರ್‌ಗಳು, ಅಂದರೆ ವೆಬ್ ಪುಟಗಳನ್ನು ತಾವೇ ಸುತ್ತಿ ಓದುವ ಪ್ರೋಗ್ರಾಂಗಳು, ಅದನ್ನು ಓಡಿಸುವುದೇ ಇಲ್ಲ. ಪುಟದ ಮೂಲ ಬರಹವನ್ನು (ಎಚ್‌ಟಿಎಂಎಲ್) ಎಳೆದುಕೊಂಡು ಹೋಗುತ್ತವೆ, ಅಷ್ಟೇ. ಅವು ಸಿಗುವುದು ಸರ್ವರ್‌ನ ಲಾಗ್‌ನಲ್ಲಿ, ಅಂದರೆ ಬಂದ ಪ್ರತಿ ಕೋರಿಕೆಯನ್ನೂ ಸರ್ವರ್ ಬರೆದಿಡುವ ಕಡತದಲ್ಲಿ.

ನಮ್ಮ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್ ತೆರೆದು, ಬಂದವರು ತಮ್ಮನ್ನು ಹೇಳಿಕೊಳ್ಳುವ ಯೂಸರ್ ಏಜೆಂಟ್ ಹೆಸರುಗಳನ್ನು ಮಾತ್ರ ಬೇರೆ ಮಾಡಿ ಎಣಿಸಿದೆ. ಜಿಪಿಟಿಬಾಟ್, ಕ್ಲಾಡ್‌ಬಾಟ್, ಅಮೆಜಾನ್‌ಬಾಟ್ ಹೀಗೆ ಎಐ ಕಂಪನಿಗಳ ಕ್ರಾಲರ್‌ಗಳು ಎಲ್ಲ ಇದ್ದವು. ಆಗ ನನ್ನ ತಪ್ಪು ಕಣ್ಣಿಗೆ ಬಿತ್ತು. "ರೂಮ್ ಹಿಡಿಯಿರಿ" ಅನ್ನುವುದನ್ನು ನಾನು ಸಾದಾ ಲಿಂಕ್ ಮಾಡಿಟ್ಟಿದ್ದೆ. ತೆರೆದರೆ ಸಾಕು, ಹೋಲ್ಡ್ ಬೀಳುತ್ತದೆ. ಲಿಂಕ್ ಕಂಡರೆ ತೆರೆಯುವುದೇ ಕ್ರಾಲರ್ ಕೆಲಸ. ಬಂದವರ ಗುರುತಿಗೆ ಸೈಟ್ ಕೊಡುವ ಕುಕೀಯನ್ನು ಅದು ಇಟ್ಟುಕೊಳ್ಳದ ಕಾರಣ ಪ್ರತಿ ಸಲವೂ ನನ್ನ ಸೈಟ್‌ಗೆ ಹೊಸ ಭಕ್ತ ಬಂದ ಹಾಗೆ. ಮೇಲಿಂದ ಕ್ಯಾಲೆಂಡರ್ ಬೇರೆ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅಂತ ಕ್ರಾಲರ್‌ಗಳು ಕೊನೆಯಿಲ್ಲದೆ ನಡೆದಿದ್ದವು.

ಇದು ಹೊಸ ಪಾಠವೂ ಅಲ್ಲ. 2005ರಲ್ಲಿ ಬ್ರೌಸಿಂಗ್ ವೇಗ ಹೆಚ್ಚಿಸಲೆಂದು ಬಂದ ಗೂಗಲ್‌ನ ವೆಬ್ ಆಕ್ಸಿಲರೇಟರ್ ಪುಟದ ಲಿಂಕ್‌ಗಳನ್ನು ಮುಂಚೆಯೇ ತೆರೆಯಲು ಹೋಗಿ, "ಅಳಿಸಿ" ಅನ್ನುವ ಲಿಂಕ್‌ಗಳನ್ನೂ ತೆರೆದಿತ್ತು. ಜನರ ಮಾಹಿತಿ ಅಳಿದು ಹೋಗಿತ್ತು. ಏನನ್ನಾದರೂ ಬದಲಾಯಿಸುವ ಕೆಲಸಕ್ಕೆ ಲಿಂಕ್ ತೆರೆದಾಗ ಹೋಗುವ ಗೆಟ್ ಕೋರಿಕೆ ಬಳಸಬಾರದು, ಫಾರ್ಮ್ ಕಳಿಸುವಾಗ ಬಳಸುವ ಪೋಸ್ಟ್ ಬಳಸಬೇಕು. ಈ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿರಲಿಲ್ಲ.

ಆ ರಾತ್ರಿ ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. ಎಐ ಅನ್ನಿಸಿದ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಬ್ಲಾಕ್ ಮಾಡಿದೆ. ಮೂರನೇ ದಿನ ಸೊಲ್ಲಾಪುರದ ಅಜ್ಜಿಯೊಬ್ಬರ ಮೊಮ್ಮಗ ಲಾಡ್ಜ್‌ಗೆ ಫೋನ್ ಮಾಡಿದ. ಗಾಣಗಾಪುರದಲ್ಲಿ ಕೆಳಗಿನ ಮಹಡಿಯ ರೂಮ್ ಎಲ್ಲಿದೆ ಅಂತ ಚಾಟ್‌ಜಿಪಿಟಿಯನ್ನು ಕೇಳಿದನಂತೆ. ನಮ್ಮ ಸೈಟ್ ತೆರೆಯುತ್ತಿಲ್ಲ ಅಂದಿತಂತೆ. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾವು ಬಾಗಿಲು ಹಾಕಿದ್ದು ಅವರ ಮುಖದ ಮೇಲೆ. ಆ ಮಾತು ನನಗೆ ಬಹಳ ತಾಗಿತು.

ಆಮೇಲೆ ಕೂತು ಸರಿಯಾಗಿ ವಿಂಗಡಿಸಿದೆ. ಜಿಪಿಟಿಬಾಟ್ ಬರುವುದು ಮಾಡೆಲ್ ತರಬೇತಿಗೆ. ಓಎಐ-ಸರ್ಚ್‌ಬಾಟ್ ಹುಡುಕಾಟಕ್ಕೆ. ಚಾಟ್‌ಜಿಪಿಟಿ-ಯೂಸರ್, ಕ್ಲಾಡ್-ಯೂಸರ್ ಬರುವುದು ಒಬ್ಬ ಮನುಷ್ಯ ಈಗ ತಾನೇ ಏನೋ ಕೇಳಿದ್ದಕ್ಕೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಹೆಸರು ನಂಬುವಂತೆಯೂ ಇಲ್ಲ. ಜಿಪಿಟಿಬಾಟ್ ಅಂತ ಯಾರು ಬೇಕಾದರೂ ಬರೆದುಕೊಂಡು ಬರಬಹುದು. ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಬಾಟ್‌ಗಳು ಬರುವ ಐಪಿ ವಿಳಾಸಗಳ ಪಟ್ಟಿ ಪ್ರಕಟಿಸುತ್ತದೆ, ಅದರ ಜೊತೆ ಹೋಲಿಸಿ ನೋಡುತ್ತೇನೆ. ಗೂಗಲ್‌ಬಾಟ್ ಆದರೆ ಐಪಿಯಿಂದ ಹೆಸರು ಹುಡುಕಿ, ಆ ಹೆಸರಿನಿಂದ ಮತ್ತೆ ಐಪಿ ಹುಡುಕಿ ತಾಳೆ ಮಾಡುತ್ತೇನೆ. ಯಾವ ಪುಟಕ್ಕೆ ಬರಬಾರದು ಅಂತ ಕ್ರಾಲರ್‌ಗಳಿಗೆ ಹೇಳುವ ರೋಬಾಟ್ಸ್ ಫೈಲ್‌ನಲ್ಲಿ ಬುಕಿಂಗ್ ದಾರಿಯನ್ನು ಬೇಡ ಅಂತ ಬರೆದೆ. 1994ರಿಂದ ಇರುವ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್‌ನೆಟ್ ಮಾನದಂಡವಾಗಿ ಅಧಿಕೃತವಾಯಿತು. ಆದರೂ ಒಪ್ಪಿ ನಡೆಯುವವರು ಮಾತ್ರ ನಡೆಯುತ್ತಾರೆ.

ಲಾಗ್ ಓದುವಾಗ ಇನ್ನೊಂದು ಕಂಡಿತು, ಇದನ್ನು ಹೇಳಲೇಬೇಕು. ವೆಬ್ ಪುಟದ ವಿಳಾಸದ (ಯುಆರ್‌ಎಲ್) ಸಾಲಿನಲ್ಲೇ ಭಕ್ತರ ಫೋನ್ ನಂಬರ್ ಹೋಗುತ್ತಿತ್ತು. ಹಾಗಾಗಿ ಲಾಗ್ ತುಂಬಾ ನಂಬರ್‌ಗಳು. ಅವತ್ತೇ ಅಳಿಸಿದೆ. ನಿಗಾ ಇಡಲು ಲಾಗ್ ಬೇಕು, ಅದರಲ್ಲಿ ಜನರ ನಂಬರ್ ಬೇಡ.

ಹೋಲ್ಡ್ ಅನ್ನು ಪೋಸ್ಟ್‌ಗೆ ಬದಲಾಯಿಸಿದ ಮೇಲೆ ಕ್ರಾಲರ್ ಕಾಟ ನಿಂತಿತು. ಉಳಿದದ್ದು ಮನುಷ್ಯನ ಪರವಾಗಿ ತಾವೇ ಬ್ರೌಸರ್ ನಡೆಸುವ ಎಐ ಏಜೆಂಟ್‌ಗಳು. ಇವು ಕಷ್ಟ. ಲಾಗ್‌ನಲ್ಲಿ ಸಾದಾ ಕ್ರೋಮ್ ಅಂತಲೇ ಕಾಣುತ್ತವೆ. ಫಾರ್ಮ್ ತುಂಬುತ್ತವೆ, ರೂಮ್ ಹಿಡಿಯುತ್ತವೆ, ಹಣ ಕಟ್ಟುವ ಪುಟದಲ್ಲಿ ನಿಂತು ತಮ್ಮ ಮನುಷ್ಯನನ್ನು ಕೇಳುತ್ತವೆ. ಆ ಮನುಷ್ಯ ಊಟಕ್ಕೆ ಹೋಗಿದ್ದರೆ ನಮ್ಮ ರೂಮ್ 15 ನಿಮಿಷ ಸುಮ್ನೆ ಕಟ್ಟಿಬಿದ್ದಿರುತ್ತದೆ. ಚಾಟ್‌ಜಿಪಿಟಿಯ ಏಜೆಂಟ್ ತನ್ನ ಕೋರಿಕೆಗಳಿಗೆ ಡಿಜಿಟಲ್ ಸಹಿ ಹಾಕಿ ಕಳಿಸುತ್ತದೆ. ಸಹಿ ಯಾರದು ಅಂತ ಹೇಳುವ ಅದರ ಸಿಗ್ನೇಚರ್-ಏಜೆಂಟ್ ಹೆಡರ್ ಸಾಲನ್ನು ನಾನು ಲಾಗ್‌ಗೆ ಸೇರಿಸಿದೆ. ಸಹಿ ಹಾಕದವರ ವಿಷಯದಲ್ಲಿ ನಡತೆಯೇ ಗುರುತು. ಡೇಟಾ ಸೆಂಟರ್‌ನ ಐಪಿ, ಮೌಸ್ ಅಲುಗಾಟ ಇಲ್ಲದೆ ನೇರ ಕ್ಲಿಕ್, ಹೀಗೆ. ಆದರೆ ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿದಾಗಲೂ ಮೌಸ್ ಅಲುಗುವುದಿಲ್ಲ. ಅದಕ್ಕೆ ಈ ಗುರುತುಗಳ ಮೇಲೆ ನಾನು ಯಾರನ್ನೂ ತಡೆಯುವುದಿಲ್ಲ, ಬರೆದಿಟ್ಟುಕೊಳ್ಳುತ್ತೇನೆ.

ತಡೆ ಇಟ್ಟಿರುವುದು ಒಂದೇ ಕಡೆ. ಫೋನ್‌ಗೆ ಬಂದ ಓಟಿಪಿ ಹಾಕಿದ ಮೇಲೆಯೇ ಹೋಲ್ಡ್ ಶುರು. ಒಂದು ನಂಬರ್‌ಗೆ ಒಂದೇ ಹೋಲ್ಡ್. ಏಜೆಂಟ್ ಬಂದರೂ ಪರವಾಗಿಲ್ಲ, ಓಟಿಪಿ ನೋಡಲು ಅದರ ಮನುಷ್ಯ ಎದ್ದು ಬರಬೇಕು. ಎಸ್‌ಎಂಎಸ್ ಖರ್ಚಿನ ಬಗ್ಗೆ ಕಾಕಾ ಸ್ವಲ್ಪ ಯೋಚಿಸಿದರು, ಆಮೇಲೆ ಒಪ್ಪಿದರು. ಓಟಿಪಿ ಗೊತ್ತಾಗದ ಹಿರಿಯರಿಗೆ ಲಾಡ್ಜ್‌ನ ಫೋನ್ ಇದ್ದೇ ಇದೆ. ಜೊತೆಗೆ, ಒಂದು ಗಂಟೆಯಲ್ಲಿ ಬಿದ್ದ ಹೋಲ್ಡ್‌ಗಳಲ್ಲಿ ಎಷ್ಟಕ್ಕೆ ಹಣ ಬಂತು ಅನ್ನುವ ಲೆಕ್ಕ ಇಟ್ಟಿದ್ದೇನೆ. ಆ ಲೆಕ್ಕ ಕುಸಿದರೆ ನನ್ನ ಫೋನ್‌ಗೆ ಮೆಸೇಜ್ ಬರುತ್ತದೆ. ನನ್ನ ಅನುಭವದಲ್ಲಿ ಒಟ್ಟು ಟ್ರಾಫಿಕ್‌ಗಿಂತ ಇದೊಂದೇ ಅಂಕಿ ಹೆಚ್ಚು ಕೆಲಸಕ್ಕೆ ಬಂದಿದೆ.

ಈಗ ಮನುಷ್ಯರ ಪರವಾಗಿ ಬರುವ ಏಜೆಂಟ್‌ಗಳಿಗೆ ಬೇಕಾದ್ದನ್ನು ಸರಿಯಾಗಿ ಕೊಡುವ ಕೆಲಸ ನಡೆದಿದೆ. ನಮ್ಮ ಬಾಡಿಗೆ ಪಟ್ಟಿ ಒಂದು ಚಿತ್ರವಾಗಿತ್ತು. ಅದನ್ನು ಅಕ್ಷರದಲ್ಲಿ ಟೈಪ್ ಮಾಡಿದೆ. ಯಾವ ರೂಮ್ ಕೆಳಗಿದೆ, ಯಾವುದಕ್ಕೆ ಮೆಟ್ಟಿಲಿದೆ ಅನ್ನುವುದನ್ನೂ ಬರೆದೆ. ಕನ್ನಡದ ಪುಟ ಮುಗಿದಿದೆ. ಮರಾಠಿಯದು ದತ್ತ ಜಯಂತಿಯೊಳಗೆ ಮುಗಿಯಬೇಕು.