ಮೊದಲು 302, ಆಮೇಲೆ 301: ರ‍್ಯಾಂಕಿಂಗ್ ಕಳೆದುಕೊಳ್ಳದೆ ಡೊಮೈನ್ ಬದಲಿಸಿದ ನನ್ನ ಅನುಭವ

ಸೈಟಿನ ಡೊಮೈನ್ ಬದಲಿಸುವಾಗ ಹಳೆ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರಿಡೈರೆಕ್ಟ್‌ಗೆ ಮೊದಲ ದಿನವೇ 301, ಅಂದರೆ ಖಾಯಂ ಅನ್ನುವ ಕೋಡ್ ಹಾಕಬೇಕು, ತಾತ್ಕಾಲಿಕ ಅನ್ನುವ 302 ಮುಟ್ಟಿದರೆ ಗೂಗಲ್ ಹುಡುಕಾಟದಲ್ಲಿನ ರ‍್ಯಾಂಕಿಂಗ್ ಹೋದ ಹಾಗೇ ಅಂತ ತುಂಬಾ ಜನ ಹೇಳುತ್ತಾರೆ. ನಾನು ಹೆಚ್ಚುಕಡಿಮೆ ಒಂದು ವಾರ 302 ಇಟ್ಟೇ ಶುರು ಮಾಡಿದೆ. ಕ್ಲೈಂಟ್ ಕಡೆಯ ಡೆವಲಪರ್ ಬೇಡವೇ ಬೇಡ ಅಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮೊದಲು ಬರುತ್ತಿದ್ದ ಕ್ಲಿಕ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಹೊಸ ಡೊಮೈನ್‌ಗೆ ಬರುತ್ತಿದ್ದವು.

ಈ ಹಟಕ್ಕೆ ಕಾರಣ ಇತ್ತು. ಇದೇ ಸೈಟನ್ನು ಹಿಂದೊಮ್ಮೆ ಬೇರೆ ತಂಡ ಬದಲಿಸಿತ್ತು. ಮೊದಲ ದಿನವೇ 301, ಅದೂ ಹಳೆ ಪುಟಗಳೆಲ್ಲ ಸೀದಾ ಹೋಮ್ ಪೇಜಿಗೆ. ಹೀಗೆ ಮಾಡಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಆ ಪುಟವೇ ಇಲ್ಲ ಅಂತ ಬದಿಗಿಡುತ್ತದೆ, ಹಳೆ ಪುಟ ಗಳಿಸಿದ್ದು ಯಾರಿಗೂ ಸಿಗುವುದಿಲ್ಲ. ಸರಿ, ವಾಪಸ್ ತೆಗೆಯೋಣ ಅಂದರೆ ಖಾಯಂ ಗ್ರಾಹಕರ ಬ್ರೌಸರ್‌ಗಳು ಆ 301 ಅನ್ನು ಕ್ಯಾಶ್ ಮಾಡಿಕೊಂಡು (ನೆನಪಿಟ್ಟುಕೊಂಡು) ಕೂತಿದ್ದವು. ಸರ್ವರ್‌ನಲ್ಲಿ ನಿಯಮ ತೆಗೆದರೂ ಅವರು ಹೋಗುತ್ತಿದ್ದದ್ದು ಹೋಮ್ ಪೇಜಿಗೇ. ಹುಡುಕಿ ಬರುತ್ತಿದ್ದ ಆರ್ಡರ್ ಅರ್ಧಕ್ಕೆ ಇಳಿಯಿತು. ಆ ಹಳ್ಳ ತುಂಬಲು ಜಾಹೀರಾತಿಗೆ ತಿಂಗಳು ತಿಂಗಳೂ ಮೊದಲಿನ ಮೂರು ಪಟ್ಟು ಸುರಿದರು. ನನ್ನ ಇಡೀ ಕೆಲಸದ ಫೀಸು ಅದರ ಒಂದು ತಿಂಗಳ ಲೆಕ್ಕಕ್ಕೂ ಬರಲಿಲ್ಲ.

302 ಅನ್ನು ಬ್ರೌಸರ್ ತಾನಾಗಿ ಕ್ಯಾಶ್ ಮಾಡುವುದಿಲ್ಲ. ನಿಯಮ ತಪ್ಪಿದ್ದರೆ ಸಂಜೆಯೊಳಗೆ ತಿದ್ದಬಹುದು, ಯಾರಿಗೂ ಗೊತ್ತೇ ಆಗುವುದಿಲ್ಲ. ಪೇಜ್‌ರ‍್ಯಾಂಕ್ (ಲಿಂಕ್‌ಗಳಿಂದ ಪುಟ ಗಳಿಸಿದ ಬಲ) ಸೋರುತ್ತದೆ ಅನ್ನುವ ಹೆದರಿಕೆಯೂ ಬೇಡ. 30ರಿಂದ ಶುರುವಾಗುವ ಯಾವ ರಿಡೈರೆಕ್ಟ್‌ನಲ್ಲೂ ಅದು ಕಳೆದುಹೋಗುವುದಿಲ್ಲ ಅಂತ ಗೂಗಲ್‌ನ ಗ್ಯಾರಿ ಇಲ್ಯೆಸ್ 2016ರಲ್ಲೇ ಹೇಳಿದ್ದರು. ವ್ಯತ್ಯಾಸ ಇರುವುದು ಯಾವ ವಿಳಾಸ ಹುಡುಕಾಟದಲ್ಲಿ ಕಾಣಬೇಕು ಅನ್ನುವುದರಲ್ಲಿ. 301 ಹೊಸದರ ಪರ ಗಟ್ಟಿ ಸೂಚನೆ, 302 ಇದ್ದಾಗ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ. ಪರೀಕ್ಷೆಯ ವಾರಕ್ಕೆ ನನಗೆ ಬೇಕಿದ್ದದ್ದೂ ಅದೇ ಅಲ್ವಾ?

ಆ ವಾರ ಪೂರ್ತಿ ಸರ್ವರ್‌ನ ಲಾಗ್ (ಬಂದುಹೋದವರ ದಾಖಲೆ) ಮತ್ತು ಒಂದು ವಿಳಾಸ ಎಲ್ಲಿಗೆ ಕಳಿಸುತ್ತದೆ ಅಂತ ತೋರಿಸುವ ಕರ್ಲ್ ಅನ್ನುವ ಸಾಧನದ ಮುಂದೆಯೇ ಕೂತಿದ್ದೆ. ಒಂದು ಹಳೆ ಉತ್ಪನ್ನದ ಪುಟಕ್ಕೆ ಕರ್ಲ್ ಕೊಟ್ಟರೆ ಮೊದಲು ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಡಬ್ಲ್ಯುಡಬ್ಲ್ಯುಡಬ್ಲ್ಯುಗೆ, ಆಮೇಲೆ ಕೊನೆಯಲ್ಲಿ ಸ್ಲ್ಯಾಶ್ ಇರುವ ವಿಳಾಸಕ್ಕೆ, ಕೊನೆಗೆ ಹೊಸ ಡೊಮೈನ್‌ಗೆ, ಹೀಗೆ ನಾಲ್ಕು ಜಿಗಿತ. ಗೂಗಲ್‌ಬಾಟ್ (ಪುಟಗಳನ್ನು ಓದುವ ಗೂಗಲ್‌ನ ಪ್ರೋಗ್ರಾಂ) ಹತ್ತು ಜಿಗಿತದವರೆಗೆ ಬೆನ್ನು ಹತ್ತುತ್ತದೆ ನಿಜ, ಆದರೆ ಸುಮ್ನೆ ಯಾಕೆ ಓಡಿಸಬೇಕು? ಎಲ್ಲವನ್ನೂ ಒಂದೇ ಜಿಗಿತಕ್ಕೆ ಇಳಿಸಿದೆ. ಆಮೇಲೆ ಒಂದೊಂದೇ ವಿಭಾಗವನ್ನು 301ಕ್ಕೆ ತಿರುಗಿಸಿದೆ, ಎಲ್ಲ ಮುಗಿದ ಮೇಲಷ್ಟೇ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸಿದೆ. ಯಾವ ವಿಭಾಗ ಮೊದಲು, ಯಾವುದು ಕೊನೆಗೆ ಅಂತ ಆರಿಸಲು ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಒಂದು ಸ್ವಾರಸ್ಯ ಸಿಕ್ಕಿತು. ಅಪಾಚೆ ಅನ್ನುವ ವೆಬ್ ಸರ್ವರ್‌ನಲ್ಲಿ ರಿಡೈರೆಕ್ಟ್ ಅಂತಷ್ಟೇ ಬರೆದು ಸಂಖ್ಯೆ ಬಿಟ್ಟರೆ ಅದು 302. ಪಿಎಚ್‌ಪಿಯಲ್ಲಿ ಬರೀ ಲೊಕೇಶನ್ ಹೆಡರ್ (ಹೊಸ ವಿಳಾಸ ಹೇಳುವ ಸಾಲು) ಕಳಿಸಿದರೂ ಅಷ್ಟೇ. ನನ್ನನ್ನು ತಡೆದ ಆ ಡೆವಲಪರ್‌ನ ಕಾನ್ಫಿಗ್‌ನಲ್ಲೇ ಇಂಥ ಸಾಲುಗಳು ವರ್ಷಗಳಿಂದ ಇದ್ದವು, ಆ ಪುಟಗಳು ಹೊಸ ವಿಳಾಸದಲ್ಲೇ ಚೆನ್ನಾಗಿ ಕಾಣುತ್ತಿದ್ದವು. 302 ಬಹಳ ಕಾಲ ಇದ್ದರೆ ಗೂಗಲ್ ಅದನ್ನು ಖಾಯಂ ಅಂತಲೇ ತೆಗೆದುಕೊಳ್ಳುತ್ತದೆ. ತೋರಿಸಿದ ಮೇಲೆ ವಾದ ನಿಂತಿತು.

ಸ್ಟಾಕ್ ಮುಗಿದು ಮತ್ತೆ ಬರುವ ಉತ್ಪನ್ನಗಳಿಗೆ ಮಾತ್ರ ಇವತ್ತಿಗೂ 302 ಇಟ್ಟಿದ್ದೇನೆ. ಫಾರ್ಮ್ ಕಳಿಸುವ ವಿಳಾಸಗಳಿಗೆ 308 (ಇದೂ ಖಾಯಂ, ಆದರೆ ವಿನಂತಿಯ ಬಗೆ ಬದಲಿಸುವುದಿಲ್ಲ), ಯಾಕೆಂದರೆ 301ರಲ್ಲಿ ಪೋಸ್ಟ್ (ಮಾಹಿತಿ ಕಳಿಸುವ ವಿನಂತಿ) ಹೋಗಿ ಗೆಟ್ (ಬರೀ ಪುಟ ಕೇಳುವ ವಿನಂತಿ) ಆಗಿಬಿಡಬಹುದು, ತುಂಬಿದ ಮಾಹಿತಿ ಅಲ್ಲೇ ಮಾಯ.

ಈಗ ಕ್ಲೈಂಟ್ ಹಳೆ ಡೊಮೈನ್ ನವೀಕರಣದ ದುಡ್ಡು ಉಳಿಸೋಣ ಅನ್ನುತ್ತಿದ್ದಾರೆ. ರಿಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ಲೇ ಹೇಳುತ್ತದೆ. ನಾನಂತೂ ಅದಕ್ಕಿಂತ ಮುಂದೆ ಹೋಗಿ, ಹಳೆ ಲಿಂಕ್‌ಗಳಿಂದ ಜನ ಬರುವಷ್ಟು ಕಾಲ ಬಿಡಬೇಡಿ ಅಂದಿದ್ದೇನೆ. ಒಂದು ದಿನದ ಜಾಹೀರಾತಿನ ಖರ್ಚಲ್ಲಿ ಆ ಡೊಮೈನ್ ಹಲವು ವರ್ಷ ಇಟ್ಟುಕೊಳ್ಳಬಹುದು.