ರಿಪೋರ್ಟ್ ಬರೋವರೆಗೂ ಚಿಂತೇನ ದೇವರಿಗೆ ಒಪ್ಪಿಸೋದು ಹೇಗೆ

ಬಯಾಪ್ಸಿಗೆ, ಅಂದ್ರೆ ಮೈಯಿಂದ ಚೂರು ತೆಗೆದು ಮಾಡೋ ಪರೀಕ್ಷೆಗೆ ಕೊಟ್ಟಾಗಿದೆ, ರಿಪೋರ್ಟ್ ಬರೋಕೆ ಇನ್ನೂ ನಾಲ್ಕೈದು ದಿನ ಇದೆ, ಮನೇಲಿ ಯಾರಿಗೂ ಊಟ ಸೇರ್ತಿಲ್ಲ, ಫೋನ್ ಮಾಡಿದವರೆಲ್ಲ "ದೇವರ ಮೇಲೆ ಭಾರ ಹಾಕಿ" ಅಂತಾರೆ. ಸರಿಯಾದ ಮಾತೇ. ಆದ್ರೆ ಭಾರ ಹಾಕೋದು ಹೇಗೆ ಅಂತ ಬಿಡಿಸಿ ಹೇಳೋರು ಕಮ್ಮಿ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಬಾಯ್ಬಿಟ್ಟು ಹೇಳ್ಕೊಳ್ಳಿ. ಸ್ನಾನ ಮಾಡಿ ದೀಪ ಹಚ್ಚಿ "ಎಲ್ಲರಿಗೂ ಒಳ್ಳೇದು ಮಾಡಪ್ಪ" ಅಂತ ಕೈಮುಗಿದು ಎದ್ದುಬಿಟ್ರೆ ಮನಸ್ಸಿನ ಹೆದರಿಕೆ ಹಾಗೇ ಉಳ್ಕೊಳತ್ತೆ. "ಅಪ್ಪಾ ತಿಮ್ಮಪ್ಪ, ನಮ್ಮ ಯಜಮಾನರಿಗೆ ಕ್ಯಾನ್ಸರ್ ಇರ್ಬಹುದು ಅಂತ ಭಯ ಆಗ್ತಿದೆ, ದುಡ್ಡು ಎಲ್ಲಿಂದ ಹೊಂದಿಸ್ಲಿ ಗೊತ್ತಾಗ್ತಿಲ್ಲ, ಮಗಳ ಪಿಯುಸಿ ಪರೀಕ್ಷೆ ಬೇರೆ ಹತ್ರ ಬಂತು" ಅಂತ ಒಂದೊಂದೇ ಹೇಳಿ. ಅಳು ಬಂದ್ರೆ ಅತ್ತುಬಿಡಿ, ದೇವರ ಮುಂದೆ ಗಟ್ಟಿಗಿತ್ತಿ ಥರ ಇರ್ಬೇಕಾಗಿಲ್ಲ.

ಆಮೇಲೆ ಪಾಲು ಮಾಡಿ. ಹಳೇ ರಿಪೋರ್ಟು, ಸ್ಕ್ಯಾನು ಎಲ್ಲ ಒಂದು ಫೈಲಿಗೆ ಹಾಕೋದು, ಬೇಕಿದ್ರೆ ಇನ್ನೊಬ್ರು ಡಾಕ್ಟರ್ ಹತ್ರ ತೋರಿಸೋದು, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗತ್ತೆ ಅದನ್ನ ವಿಚಾರಿಸೋದು, ಇದೆಲ್ಲ ನಮ್ಮ ಪಾಲು. ರಿಪೋರ್ಟಲ್ಲಿ ಏನಿದೆ, ಔಷಧಿ ಮೈಗೆ ಎಷ್ಟು ಹಿಡಿಯತ್ತೆ, ಅದು ದೇವರ ಪಾಲು. ಗೀತೆ 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ "ನನಗೊಬ್ಬನಿಗೇ ಶರಣಾಗು, ದುಃಖ ಪಡಬೇಡ" ಅಂತಾನೆ, ಅದನ್ನ ಕೇಳಿದ ಅರ್ಜುನ 73ನೇ ಶ್ಲೋಕದಲ್ಲಿ "ಸಂದೇಹ ಹೋಯ್ತು, ನೀನು ಹೇಳಿದ ಹಾಗೆ ಮಾಡ್ತೀನಿ" ಅಂತ ಎದ್ದು ನಿಂತ್ಕೋತಾನೆ. ಶರಣಾದ ಮೇಲೂ ಬಿಲ್ಲು ಹಿಡಿಯೋ ಕೆಲಸ ಅವನದ್ದೇ ಆಗಿತ್ತು. ದೇವರಿದಾನೆ ಅಂತ ಡಾಕ್ಟರ್ ಹೇಳಿದ ತಾರೀಕು ಮುಂದೂಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಈಗ ಮುಡಿಪು, ಅಂದ್ರೆ ದೇವರಿಗೆ ಅಂತ ಎತ್ತಿಡೋ ಹರಕೆ ಕಾಣಿಕೆ. ಅಂಗೈ ಅಗಲದ ಬಿಳಿ ಬಟ್ಟೆನ ಅರಿಶಿನದ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಅದ್ರೊಳಗೆ ಒಂದು ರೂಪಾಯಿ ನಾಣ್ಯ, ಇಲ್ಲಾ 11 ರೂಪಾಯಿ, ಜೊತೆಗೆ ನಾಲ್ಕು ಕಾಳು ಅಕ್ಷತೆ ಇಡಿ, ಕಾಯಿಲೆ ಇರೋರ ಕೈಲಿ ಒಂದ್ಸಲ ಮುಟ್ಟಿಸಿ ಗಂಟು ಹಾಕಿ, ಮನೆದೇವ್ರು ತಿರುಪತಿ ತಿಮ್ಮಪ್ಪ ಇರ್ಲಿ, ಧರ್ಮಸ್ಥಳದ ಮಂಜುನಾಥ ಇರ್ಲಿ, ಅವನ ಹೆಸರು ಹೇಳಿ ಫೋಟೋ ಪಕ್ಕ ಇಟ್ಟುಬಿಡಿ. ಸಾಮಾನ್ಯವಾಗಿ "ನಾರ್ಮಲ್ ಬಂದ್ರೆ ಬಂದು ಒಪ್ಪಿಸ್ತೀನಿ" ಅಂತ ಕಟ್ತಾರೆ. ತಪ್ಪು ಅನ್ನಲ್ಲ, ಕಷ್ಟದಲ್ಲಿ ಬಾಯಿಗೆ ಬರೋದೇ ಅದು. ಆದ್ರೆ ಹಾಗೆ ಕಟ್ಟಿದ್ರೆ ಮನಸ್ಸೆಲ್ಲ ಆ ಒಂದು "ನಾರ್ಮಲ್" ಮೇಲೇ ನೇತಾಡ್ತಿರತ್ತೆ. "ಏನೇ ಬಂದ್ರೂ ನಿನ್ನ ಹತ್ರಾನೇ ಬರ್ತೀವಿ, ಕೈಬಿಡ್ಬೇಡ" ಅಂತ ಕಟ್ಟಿ ನೋಡಿ, ಎದೆ ಸ್ವಲ್ಪ ಹಗುರ ಆಗತ್ತೆ.

ಹಗಲು ಹೇಗೋ ಕಳೆಯತ್ತೆ, ಕಷ್ಟ ರಾತ್ರೀದು. ಎರಡು ಗಂಟೆಗೆ ಎಚ್ಚರ ಆಗಿ ಮೊಬೈಲ್ ತಗೊಂಡು ಕಾಯಿಲೆ ಹೆಸರು ಹಾಕಿ ಹುಡುಕೋಕೆ ಹೋಗ್ಬೇಡಿ, ಅದು ದೇವರ ಪಾಲಿಗೆ ಕೈ ಹಾಕಿದ ಹಾಗೆ. ಏನಾದ್ರೂ ಪ್ರಶ್ನೆ ಹೊಳೆದ್ರೆ ಡಾಕ್ಟರಿಗೆ ಕೇಳೋಕೆ ಚೀಟೀಲಿ ಬರೆದಿಟ್ಟು, ಮಲಗಿದಲ್ಲೇ ನಿಮಗೆ ಬಾಯಿಗೆ ಬರೋ ನಾಮ ಹೇಳ್ಕೊಳ್ತಾ ಇರಿ. ಚಿಂತೆ ಮತ್ತೆ ಬರತ್ತೆ, ಬಂದಿದ್ದಕ್ಕೆ ನಂಗೆ ನಂಬಿಕೆ ಕಮ್ಮಿ ಅಂತ ಕೊರಗ್ಬೇಡಿ, ಬಂದಾಗೆಲ್ಲ "ಇದೂ ನಿನ್ನದೇ" ಅಂತ ಒಪ್ಪಿಸ್ತಾ ಹೋಗೋದೇ. ನಿದ್ದೆ ಪೂರ್ತಿ ಕೆಟ್ಟುಹೋಗಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ರಾತ್ರಿನೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಸಹಾಯ ಕೇಳೋದೂ ನಮ್ಮ ಪಾಲಿನ ಕೆಲಸಾನೇ.

ರಿಪೋರ್ಟ್ ಕೈಗೆ ಬಂದ ದಿನ ಒಬ್ರೇ ಹೋಗ್ಬೇಡಿ, ತಮ್ಮನೋ ಭಾವನೋ ಯಾರಾದ್ರೂ ಜೊತೇಲಿರ್ಲಿ. ಕೆಟ್ಟ ಸುದ್ದಿ ಆಗಿದ್ರೆ ದೇವರ ಮೇಲೆ ಸಿಟ್ಟು ಬರತ್ತೆ, ಆ ಸಿಟ್ಟನ್ನೂ ಅವನಿಗೇ ಹೇಳಿ, ಪೂಜೆ ಮಾಡೋಕೆ ಆಗ್ದಿದ್ರೆ ಬರೀ ದೀಪ ಹಚ್ಚಿ ಸಾಕು, ಟ್ರೀಟ್ಮೆಂಟ್ ಮಾತ್ರ ತಡ ಮಾಡ್ಬೇಡಿ. ಮುಡಿಪು ಒಪ್ಪಿಸೋಕೆ ಅವಸರ ಇಲ್ಲ, ಓಡಾಡೋ ಹಾಗಾದ್ಮೇಲೆ ಹೋಗಿ ಹುಂಡಿಗೆ ಹಾಕಿದ್ರಾಯ್ತು, ನಿಮ್ಗೆ ಹೋಗೋಕೆ ಆಗಲ್ಲ ಅಂದ್ರೆ ಹೊರಟಿರೋ ನೆಂಟರ ಕೈಲಿ ಕೊಟ್ಟು ಕಳ್ಸಿ.